ಔಟ್‌ಡೋರ್ ಯೂನಿಟ್‌ಗೊಂದು ಟೋಸ್ಟ್

ಅಕ್ಟೋಬರ್ 4, ಶನಿವಾರ

ಚಹಾ, ಎರಡು ಕುಬೂಸ್ ರೊಟ್ಟಿ, ನಿನ್ನೆಯ ಮೀನು ಸಾರು. ಆಮೇಲೆ ದಿನದ ಹಾಗೆ ನಿಕೋಲ್‌ನ ಆಲ್ಬಮ್ ಹಾಕಿದೆ. ನನ್ನ ಫೋನಿನಲ್ಲಿ ಒಂದು ಸಲ, ಕಂಪೆನಿ ಫೋನಿನಲ್ಲಿ ಒಂದು ಸಲ, ತಂಗಿ ವಿಕ್ಟೋರಿಯಾ ಸ್ನಾನಕ್ಕೆ ಹೋದಾಗ ಅವಳ ಫೋನಿನಲ್ಲೂ. ಆಲ್ಬಮ್ ಬಂದು ತಿಂಗಳಾಯಿತು. ಕೇಳಿದವರು ಎಷ್ಟು ಅಂತ ಕೆಳಗೆ ತೋರಿಸುತ್ತದೆ. ಅದರಲ್ಲಿ ಅರ್ಧ ನಾನೇ. ಉಳಿದರ್ಧ ಅವಳಮ್ಮ.

ಎಂಥ ಆಲ್ಬಮ್ ಮಾರಾಯ! ಹಾಡು ಬರೆದದ್ದು, ಹಾಡಿದ್ದು, ಬೇಸ್ ಗಿಟಾರ್, ಕೀಬೋರ್ಡು, ಡ್ರಮ್ಮಿನ ಪೆಟ್ಟುಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಕೂಡಿಸಿದ್ದು, ಮಿಕ್ಸಿಂಗು — ಎಲ್ಲ ನನ್ನ ತಂಗಿಯ ಮಗಳು ಒಬ್ಬಳೇ. ಇನ್ಶೂರೆನ್ಸ್ ಆಫೀಸಿನಿಂದ ಬಂದು ಬಟ್ಟೆ ಕಪಾಟಿನೊಳಗೆ ಕೂತು ಹಾಡಿದ್ದು. ಶಬ್ದ ಬರಬಾರದು ಅಂತ ಎಸಿ ಆಫ್. ಮಸ್ಕತ್‌ನ ಗುಬ್ರಾದಲ್ಲಿ ಆಗಸ್ಟಿನಲ್ಲಿ ಎಸಿ ಆಫ್ ಮಾಡುವ ಮನೆ ಬೇರೆ ಉಂಟಾ? ಆಫ್ ಮಾಡುವ ಜವಾಬ್ದಾರಿ ನನ್ನದಿತ್ತು. ಇಷ್ಟು ವರ್ಷ ಎಸಿ ಸರ್ವಿಸಿನಲ್ಲಿದ್ದೇನೆ, ಮಸ್ಕತ್‌ನಲ್ಲಿ ನನ್ನಷ್ಟು ಚಂದ ಎಸಿ ಆಫ್ ಮಾಡುವವರು ಇಲ್ಲ.

ಬಾಲ್ಕನಿಯಲ್ಲಿರುವ ಎಸಿಯ ಔಟ್‌ಡೋರ್ ಯೂನಿಟ್ ಗುರ್ ಅಂತ ಶುರುವಾಗುವುದನ್ನು ರೆಕಾರ್ಡ್ ಮಾಡಿ ಮೊದಲ ಹಾಡಿನ ಅಡಿಯಲ್ಲಿ ಇಟ್ಟಿದ್ದಾಳೆ. ಆಲ್ಬಮ್ಮಿನ ಹೆಸರೂ ಅದೇ — ‘ಔಟ್‌ಡೋರ್ ಯೂನಿಟ್’. ಆ ಯೂನಿಟ್ ಕೂರಿಸಿದ್ದು ಯಾರು? ಅಷ್ಟು ಸಾಕು.

ಇದು ಫಂಕ್ ಅಂತ ಒಂದು ಜಾತಿಯ ಸಂಗೀತವಂತೆ. “ಮಾಮ್, ಮೊದಲನೇ ಪೆಟ್ಟು ಬಿಡಬಾರದು. ಉಳಿದದ್ದು ಎಲ್ಲಿಗೆ ಬೇಕಾದರೂ ಅಲೆದು ಬರಲಿ” ಅಂತ ತೊಡೆಗೆ ಬಡಿದು ತೋರಿಸಿದಳು. ಮಾಮ್ ಅಂದರೆ ಮಾವ, ನಾನು. ತೊಡೆಯೂ ನನ್ನದು. ಇನ್ನೂ ಉರಿಯುತ್ತದೆ.

ಅಕ್ಟೋಬರ್ 10, ಶುಕ್ರವಾರ

ಚರ್ಚಿನಲ್ಲಿ ಪೂಜೆ ಮುಗಿದು ಹೊರಗೆ ನಿಂತಾಗ ನಮ್ಮ ಕೊಂಕಣಿಯವರ ಸಂಘದ ಗ್ರೂಪಿಗೆ ಫ್ಯಾಮಿಲಿ ಡೇ ವೀಡಿಯೊ ಬಂತು. ಹಗ್ಗ ಜಗ್ಗುವುದು, ಲಿಂಬೆ ಚಮಚ, ನಾನು ಬಿರಿಯಾನಿ ಬಡಿಸುವುದು (ಒಳ್ಳೆ ಬಂದಿದೆ). ಹಿಂದೆ ಹಾಡು — ನಮ್ಮದು! ಎರಡನೇ ಹಾಡು! “ಭಾಯ್ರ್ ಹುನ್, ಭಿತರ್ ಥಂಡ್” — ಹೊರಗೆ ಬಿಸಿ, ಒಳಗೆ ತಂಪು. ಅದು ನನ್ನ ಕೆಲಸದ ಬಗ್ಗೆ ಬರೆದದ್ದು. ನಿಕೋಲ್ ಅಲ್ಲ ಅನ್ನುತ್ತಾಳೆ, ಆಫೀಸಿನ ಜನರ ಬಗ್ಗೆ ಅಂತೆ.

ಖುಷಿಯಲ್ಲಿ ವಿಕ್ಟೋರಿಯಾನ ಕೈ ಹಿಡಿದೆ. ಆಗ ವೀಡಿಯೊದ ಕೊನೆ ಬಂತು. ಕಪ್ಪು ಪರದೆ, ಚಿನ್ನದ ಅಕ್ಷರ.

ಸಂಗೀತ: ಜೋಶುವಾ.

ಜೋಶುವಾ ಅಂದರೆ ರೂವಿಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಜೋಶುವಾ. ಸಂಘದ ‘ಮ್ಯೂಸಿಕ್ ಡೈರೆಕ್ಟರ್’. ಹಾರ್ಮೋನಿಯಂ ಕೂಡ ಒಂದೇ ಬೆರಳಲ್ಲಿ ಬಾರಿಸುವ ಜನ. ಜನರೆಲ್ಲ ಅವನ ಬೆನ್ನು ತಟ್ಟುತ್ತಿದ್ದರು. ಅವನು ನಗುತ್ತಾ ಇದ್ದ. ಇಲ್ಲ ಅನ್ನಲಿಲ್ಲ.

ನಿಕೋಲ್ ಕಾರಿನಲ್ಲಿ ಹೋಗಿ ಕೂತಳು.

ಬಿಡ್ತೇನಾ? ಫೌಸ್ಟಿನ್ ಬಿಡುವವನಾ?

ಅಕ್ಟೋಬರ್ 11, ಸಂಜೆ

ಜೋಶುವಾನ ಅಂಗಡಿಗೆ ಹೋದೆ. ಮರ್ಯಾದೆಯಿಂದಲೇ ಕೇಳಿದೆ.

“ಓ ಅದಾ ಫೌಸ್ಟಿನಾಬ್! ಅದು ಟೆಂಪ್ಲೇಟ್. ಎಲ್ಲ ವೀಡಿಯೊಗೂ ಹಾಗೇ ಬರ್ತದೆ.”

“ಟೆಂಪ್ಲೇಟ್ ಅಂದರೆ ಎಂತ?”

“ಅಚ್ಚು. ಹೆಸರು ಮೊದಲೇ ಹಾಕಿಟ್ಟದ್ದು.”

“ಹಾಗಾದರೆ ತೆಗೆದು ಹುಡುಗಿಯ ಹೆಸರು ಹಾಕು.”

“ಹೋದ ವೀಡಿಯೊ ಹೋಯಿತಲ್ಲ, ಖಲಾಸ್. ಮತ್ತೆ ನೋಡಿ, ಸೌಂಡ್ ಏರಿಸಿ ಇಳಿಸಿ ಕೂರಿಸಿದ್ದು ನಾನೇ. ಅದೂ ಸಂಗೀತವೇ.” ಇಷ್ಟು ಹೇಳಿ ಕುರ್ಚಿ ಹತ್ತಿರ ಎಳೆದ. ದನಿ ತಗ್ಗಿಸಿದ. “ಅಲ್ಲ, ನಿಜ ಹೇಳಿ. ಮಾಡಿಕೊಟ್ಟದ್ದು ಯಾರು? ಬೇಸ್ ಅಷ್ಟು ಗಟ್ಟಿ ಉಂಟು. ಯಾವ ಹುಡುಗ? ಮಲಯಾಳಿಯಾ?”

“ಅವಳೇ.”

“ಹಾಡಿದ್ದು ಅವಳೇ, ಗೊತ್ತುಂಟು. ಮ್ಯೂಸಿಕ್ ಯಾರದ್ದು?”

“ಅವಳದ್ದೇ.”

“ಹ್ಞಾಂ ಹ್ಞಾಂ” ಅಂದ. ನಂಬದೆ ಇರುವವರು ಮಾತ್ರ ಹಾಗೆ ಎರಡೆರಡು ಸಲ ಹ್ಞಾಂ ಅನ್ನುವುದು.

ಮೆಟ್ಟಿಲು ಎರಡೆರಡಾಗಿ ಹಾರಿ ಇಳಿದೆ. ಬಿಪಿ ಮಾತ್ರೆಯ ಗುಣ ಅಲ್ಲ. ದ್ವೇಷ. ಭಾರೀ ಸಮಯದ ನಂತರ ಮೈಗೆ ಒಂದು ಕಳೆ ಬಂದ ಹಾಗಾಯಿತು.

ಅಕ್ಟೋಬರ್ 15, ಇಬ್ರಿ

ಇಲ್ಲಿ ಒಂದು ಸೂಪರ್‌ಮಾರ್ಕೆಟಿನ ಕೋಲ್ಡ್ ರೂಮ್ ಕೆಟ್ಟಿದೆ. ಜೊತೆಗೆ ಅನ್ಸಾರ್ — ಉಳ್ಳಾಲದ ಬ್ಯಾರಿ, ನಮ್ಮ ಕಂಪೆನಿಯ ಡ್ರೈವರ್. ದಾರಿ ಪೂರ್ತಿ ‘ಔಟ್‌ಡೋರ್ ಯೂನಿಟ್’ ಹಾಕಿದೆ. ಮೊದಲು ಅವನ ಮುಖ ಹುಳಿ. ನಿಜ್ವಾ ದಾಟುವಾಗ ಸ್ಟೇರಿಂಗ್ ಮೇಲೆ ಬೆರಳು ಕುಣಿಯಿತು.

“ಫೌಸ್ಟಿನಣ್ಣ, ಇದು ಎಂಥ ಹಾಡು? ಕೂತಲ್ಲೇ ಸೊಂಟ ಎದ್ದು ಹೋಗ್ತದೆ.”

“ಫಂಕ್. ನಮ್ಮ ನಿಕೋಲ್ ಮಾಡಿದ್ದು.”

“ಹೌದಾ! ಯಾರ ಹತ್ತಿರ ಮಾಡಿಸಿದ್ದು?”

ಗಾಡಿ ನಿಲ್ಲಿಸು ಅಂದೆ. ಹೆದರಿ ನಿಲ್ಲಿಸಿದ. ರಸ್ತೆ ಬದಿ ನಿಂತು ವಿವರಿಸಿದೆ — ಕಪಾಟು, ಬೇಸ್, ಒಂದೊಂದು ಪೆಟ್ಟು. ನನ್ನ ಪಾಲಿನದ್ದನ್ನೂ ಸ್ವಲ್ಪ ಸೇರಿಸಿದೆ. ಅವನು ಬಾಯಿ ಬಿಟ್ಟು ಕೇಳಿದ. “ನೀವು ಇಲ್ಲದಿದ್ದರೆ ಆಗ್ತಿರಲಿಲ್ಲ ಬಿಡಿ” ಅಂದ. ಬುದ್ಧಿವಂತ.

ಕೋಲ್ಡ್ ರೂಮ್ ಸರಿಯಾಯಿತು. ಜೋಶುವಾನ ವಿಷಯ ಆಗಿಲ್ಲ. ಆಲೋಚನೆ ಬರುತ್ತಾ ಉಂಟು.

ಅಕ್ಟೋಬರ್ 24, ಶುಕ್ರವಾರ

ಸಣ್ಣ ಸೇಡು ಒಂದು ತೀರಿತು. ಬರೆದಿಡಬೇಕು.

ಸಂಘದ ಹಾಲಿನ ಎಸಿ ನಾನೇ ನೋಡುವುದು. ಇವತ್ತು ಜೋಶುವಾ ಕೊಯರ್ ಹಾಡುಗಾರರ ಪ್ರಾಕ್ಟೀಸಿಗೆ ನಿಲ್ಲುವ ಜಾಗ ನೋಡಿಕೊಂಡೆ. ಕಿವಿಯ ಮೇಲಿಂದ ಕೂದಲು ಎಳೆದು ಬೋಳು ಮುಚ್ಚುತ್ತಾನಲ್ಲ — ಎಸಿಯ ರೆಕ್ಕೆಯನ್ನು ಸರಿಯಾಗಿ ಆ ಕಡೆಗೆ ತಿರುಗಿಸಿ, ಸ್ವಿಂಗ್ ಬಂದ್, ಫ್ಯಾನ್ ಫುಲ್. ರಿಮೋಟ್ ನನ್ನ ಜೇಬಿನಲ್ಲಿ. “ಆಲ್ಟೋ ದನಿಯವರು ರೆಡಿಯಾ?” ಅಂತ ಕೈ ಎತ್ತಿದ, ಕೂದಲೂ ಎದ್ದು ನಿಂತಿತು. ಬಾವುಟದ ಹಾಗೆ. ಏರು ದನಿಯ ಸೊಪ್ರಾನೊ ಹೆಂಗಸರು ಒಂದು ಸ್ವರವನ್ನೂ ಹಿಡಿಯಲಿಲ್ಲ, ನಗುವೊಂದನ್ನು ಬಿಟ್ಟು.

ಮನೆಗೆ ಬಂದು ನಿಕೋಲ್‌ಗೆ ಹೇಳಿದೆ. ನಗುತ್ತಾಳೆ ಅಂದುಕೊಂಡೆ.

“ಮಾಮ್, ಡೋಂಟ್. ಪ್ಲೀಸ್.”

“ನಿನಗೋಸ್ಕರ ಅಲ್ವಾ?”

“ಕ್ರಿಸ್ಮಸ್ ತನಕ ನೋಡ್ತೇನೆ. ಆಮೇಲೆ ಆಲ್ಬಮ್ ತೆಗೆದುಬಿಡ್ತೇನೆ. ಕೇಳಿದ ಪ್ರತಿಯೊಬ್ಬರೂ ಯಾರು ಮಾಡಿಕೊಟ್ಟದ್ದು ಅಂತ ಕೇಳ್ತಾರೆ. ಕೇಳದೆ ಇರುವುದೇ ಬೆಟರ್.”

ತೆಗೆಯುವುದು ಅಂದರೆ ಇಲ್ಲದ ಹಾಗೆ ಆಗುವುದಂತೆ. ಕೇಳುವ ಎಂದರೂ ಸಿಗುವುದಿಲ್ಲವಂತೆ. ವಿಕ್ಟೋರಿಯಾ ಅಡುಗೆ ಮನೆಯಿಂದ “ದಾಟು, ನೀನು ಸುಮ್ಮನೆ ಇರು” ಅಂದಳು. ದಾಟು ಅಂದರೆ ಅಣ್ಣ. ಅಣ್ಣನಿಗೆ ಹೀಗೆ ಹೇಳುವ ತಂಗಿ.

ಸುಮ್ಮನೆ? ಕ್ರಿಸ್ಮಸ್‌ಗೆ ಮುಂಚೆ ಜೋಶುವಾ ಎಲ್ಲರ ಎದುರು ಬಾಯಿಬಿಟ್ಟು ಹೇಳಬೇಕು. ಹೇಳಿಸುತ್ತೇನೆ.

ನವೆಂಬರ್ 1

ದೇವರು ದೊಡ್ಡವನು. ಜೋಶುವಾ ಅವನಾಗಿಯೇ ಫೋನ್ ಮಾಡಿದ.

“ಫೌಸ್ಟಿನಾಬ್, ನನ್ನ ಮತ್ತು ಪ್ಯಾಟ್ರಿಷಿಯಾನ ಮದುವೆಯ ಸಿಲ್ವರ್ ಜುಬಿಲಿ. ಏಳನೇ ತಾರೀಕಿಗೆ, ಹೋಟೆಲಿನಲ್ಲಿ. ಟೋಸ್ಟ್ ನೀವೇ ಎತ್ತಬೇಕು. ನಿಮ್ಮ ಹಾಗೆ ಹೇಳುವವರು ಇಲ್ಲಿ ಯಾರಿದ್ದಾರೆ?”

ಯಾರೂ ಇಲ್ಲ. ಅದು ನಿಜ. ಮದುವೆ, ಜುಬಿಲಿ, ಮಗುವಿನ ನಾಮಕರಣ — ಮಸ್ಕತ್‌ನಲ್ಲಿ ನಮ್ಮವರಿಗೆ ಗ್ಲಾಸ್ ಎತ್ತಿ ಹಾರೈಸುವ ಟೋಸ್ಟ್ ಅಂದರೆ ಫೌಸ್ಟಿನ್. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಆದರೆ ವಾರ್ಷಿಕೋತ್ಸವದ ಭಾಷಣದಲ್ಲಿ ಫಸ್ಟು. ಮಾಸ್ಟ್ರು “ಇವನಿಗೆ ಬಾಯಿಗೇ ಮಾರ್ಕು ಕೊಡಬೇಕು” ಅಂದಿದ್ದರು.

“ಸಂತೋಷ ಮಾರಾಯ, ಖಂಡಿತ ಬರ್ತೇನೆ” ಅಂದೆ. ಜೇನಿನ ಹಾಗೆ.

ನವೆಂಬರ್ 6

ಪ್ಲಾನ್ ಪಕ್ಕಾ.

ಟೋಸ್ಟಿನ ರಿವಾಜು: ಗ್ಲಾಸ್ ಎತ್ತಿ ನಿಂತ ಮೇಲೆ ಹೇಳುವವನು ಮುಗಿಸುವ ತನಕ ಯಾರೂ ಕೂರುವ ಹಾಗಿಲ್ಲ, ಗುಟುಕೂ ಇಲ್ಲ. ಸಾಮಾನ್ಯವಾಗಿ ಮಾತು ಮೊದಲು, ಗ್ಲಾಸ್ ಕೊನೆಗೆ. ನಾಳೆ ನಾನು ಗ್ಲಾಸ್ ಮೊದಲು ಎತ್ತಿಸುತ್ತೇನೆ. ಮಾತು ಆಮೇಲೆ. ಜುಬಿಲಿಯ ಜೋಡಿ ಸ್ಟೇಜಿನ ಮೇಲೆ, ಓಡಲಿಕ್ಕೆ ಜಾಗವಿಲ್ಲ. ನಿಜ ಹೊರಬರುವ ತನಕ ಹಾಲಿಗೆ ಹಾಲೇ ಕೈ ಎತ್ತಿ ನಿಂತಿರಲಿ.

ಕನ್ನಡಿ ಎದುರು ಪ್ರಾಕ್ಟೀಸ್ ಮಾಡಿದೆ. ನನಗೇ ನನ್ನ ಮೇಲೆ ಹೆದರಿಕೆ ಬಂತು.

ನವೆಂಬರ್ 8, ಶನಿವಾರ

ಆಹಾ!

ಎಲ್ಲಿಂದ ಶುರು ಮಾಡಲಿ... “ಎಲ್ಲರೂ ಏಳಿ, ಗ್ಲಾಸ್ ಎತ್ತಿ” ಅಂದೆ. ಎದ್ದರು. ಕೊಂಕಣಿಯಲ್ಲಿ ಶುರು ಮಾಡಿದೆ. ಮೊದಲು ಪ್ಯಾಟ್ರಿಷಿಯಾನ ತಾಳ್ಮೆ — ಚಪ್ಪಾಳೆ. ಜೋಶುವಾನ ದೊಡ್ಡ ಮನಸ್ಸು — ಚಪ್ಪಾಳೆ. “ಎಷ್ಟು ದೊಡ್ಡ ಮನಸ್ಸು ಅಂದರೆ, ಬೇರೆಯವರ ಹಾಡು ಅನಾಥವಾಗಿ ಬಿದ್ದಿದ್ದರೆ ತನ್ನ ಹೆಸರನ್ನೇ ಕೊಟ್ಟು ಸಾಕುತ್ತಾನೆ!” ಒಬ್ಬರು ಸುಮ್ಮನೆ ಗುಟುಕರಿಸಲು ಹೋದರು. “ಇಲ್ಲ! ಮುಗಿದಿಲ್ಲ!” ಅಂದೆ. ಗ್ಲಾಸ್ ವಾಪಸ್ ಮೇಲೆ.

ಫ್ಯಾಮಿಲಿ ಡೇ ವೀಡಿಯೊ, ಟೆಂಪ್ಲೇಟ್, ಎಲ್ಲ ಬಿಚ್ಚಿ ಇಟ್ಟೆ. ಜೋಶುವಾನ ಮುಖ ಕೋಕಂ ನೀರು. ಕೊನೆಗೆ ತಡೆಯಲಾರದೆ ಎದುರಿನ ಮೈಕಿಗೇ ಕೂಗಿದ: “ಸಂಗೀತ್ ಮ್ಹಜೆಂ! ಸೌಂಡ್ ಮ್ಹಜೆಂ!” ಸಂಗೀತ ನನ್ನದು, ಸೌಂಡ್ ನನ್ನದು ಅಂತ. ಸಿಕ್ಕಿಬಿದ್ದ!

“ನಿನ್ನದಾ? ಎಸಿ ಆಫ್ ಮಾಡಿದ್ದು ನೀನಾ? ಹಾಂವ್! ಯೂನಿಟ್ ಕೂರಿಸಿದ್ದು? ಹಾಂವ್! ಬೆವರಲ್ಲಿ ಮುಳುಗಿದ್ದು? ಹಾಂವ್! ಕಪಾಟು ಖಾಲಿ ಮಾಡಿಕೊಟ್ಟದ್ದು? ಹಾಂವ್!” ಹಾಂವ್ ಅಂದರೆ ನಾನು. ಪ್ರತಿ ಹಾಂವ್‌ಗೂ ನನ್ನ ಎದೆಗೆ ಒಂದು ಗುದ್ದು. ಒಂದು ಹಾಂವ್‌ಗೆ ಮೈಕು ಕಿರುಚಿತು. ಜನ ಸಿಳ್ಳೆ ಹಾಕಿದರು. ಮುದುಕರ ಕೈ ಸೋತು ವೈನ್ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು, ಆದರೂ ಯಾರೂ ಕೂರಲಿಲ್ಲ. ಟೋಸ್ಟ್! ಅಂದೆ. ಇಷ್ಟು ಜೋರಾಗಿ ಕುಡಿದ ಜನರನ್ನು ನೋಡಿಲ್ಲ.

ಸೇಡು ಅಂದರೆ ಇದು. ನಿಕೋಲ್ ಊಟ ಮಾಡದೆ ಹೋದಳಂತೆ. ಖುಷಿಗೆ ಹಸಿವೆ ಆಗಿರಲಿಕ್ಕಿಲ್ಲ.

ನವೆಂಬರ್ 9

ಬೆಳಿಗ್ಗೆಯಿಂದ ಫೋನೋ ಫೋನು.

“ಫೌಸ್ಟಿನಾಬ್, ನೀವು ಆಲ್ಬಮ್ ಮಾಡಿದ್ದು ಗೊತ್ತೇ ಇರಲಿಲ್ಲ!”

“ಈ ವಯಸ್ಸಿನಲ್ಲಿ ಫಂಕ್! ಶಾಭಾಸ್.”

ಸೊಹಾರಿನಿಂದ ಒಬ್ಬರು: “ಹಾಡಿಸಿದ್ದು ತಂಗಿಯ ಮಗಳ ಹತ್ತಿರವಂತೆ, ಒಳ್ಳೇದಾಯಿತು, ಮನೆಯಲ್ಲೇ ಮುಗಿಯಿತು.”

ಮೊದಲ ಎರಡು ಫೋನಿಗೆ ಇಲ್ಲ ಇಲ್ಲ ಅಂದೆ. ಮೂರನೆಯದ್ದಕ್ಕೆ ದೇವರ ದಯೆ ಅಂದೆ. ಆಮೇಲೆ... ಜನ ಪ್ರೀತಿಯಿಂದ ಹೇಳುವಾಗ ಬಾಯಿ ಮುಚ್ಚಿಸುವುದು ಮರ್ಯಾದೆಯಲ್ಲ. ಸಂಘದ ಕಾರ್ಯದರ್ಶಿ ಪ್ರಣೀತಾ ಮೇಡಂ ಕ್ರಿಸ್ಮಸ್ ಪ್ರೋಗ್ರಾಮಿಗೆ ನನಗೆ ಶಾಲು ಹೊದಿಸುವ ಅಂದರು. ಬೇಡ ಅಂದೆ. ಗಟ್ಟಿಯಾಗಿ ಅಲ್ಲ.

ನವೆಂಬರ್ 11

ನಿಕೋಲ್ ಇವತ್ತು ಮಾತಾಡಿದಳು. ಜುಬಿಲಿಯ ನಂತರ ಮೊದಲ ಸಲ. ಲ್ಯಾಪ್‌ಟಾಪ್ ತಂದು ನನ್ನೆದುರು ಇಟ್ಟಳು. ಪ್ಯಾಟ್ರಿಷಿಯಾ ಗ್ರೂಪಿಗೆ ಕಳಿಸಿದ ಜುಬಿಲಿ ವೀಡಿಯೊ.

“ಮಾಮ್, ಇದರಲ್ಲಿ ನನ್ನ ಹೆಸರು ಎಷ್ಟು ಸಲ ಹೇಳಿದ್ದೀರಿ?”

“ತುಂಬಾ.”

“ಕೇಳಿ.”

ಪೂರ್ತಿ ಕೇಳಿಸಿದಳು. ‘ನಮ್ಮ ಹುಡುಗಿ’ ಅಂದಿದ್ದೇನೆ. ‘ತಂಗಿಯ ಮಗಳು’ ಅಂದಿದ್ದೇನೆ. ನಿಕೋಲ್ ಅಂತ... ಇಲ್ಲ. ಒಂದು ಸಲವೂ ಇಲ್ಲ.

“ಜೋಶುವಾ ಅಂಕಲ್ ಮೂರು ಸೆಕೆಂಡ್ ಹೆಸರು ಹಾಕಿದ್ರು. ನೀವು ಹಾಲಿನವರನ್ನೆಲ್ಲ ನಿಲ್ಲಿಸಿ ನಿಮ್ಮ ಹೆಸರು ಹಾಕಿದ್ರಿ.”

“ಅವನ ಮೇಲೆ ಸೇಡು ತೀರಿಸಲಿಕ್ಕೆ ಅಲ್ವಾ ಮಗಾ—”

“ಯಾರ ಸೇಡು ಮಾಮ್? ನನ್ನನ್ನು ಕೇಳಿದ್ರಾ?” ಅಂದಳು. ಅಳಲಿಲ್ಲ. ಅತ್ತಿದ್ದರೆ ಒಳ್ಳೇದಿತ್ತು. “ನನ್ನ ಸೇಡು ನಾನು ನೋಡಿಕೊಳ್ತೇನೆ. ಎಸಿ ಆಫ್ ಮಾಡಿ.”

ಆಫ್ ಮಾಡಿದೆ. ಕಪಾಟಿನ ಬಾಗಿಲು ಹಾಕಿಕೊಂಡಳು.

ಜೋಶುವಾ ಟೆಂಪ್ಲೇಟ್ ತೆಗೆದಿದ್ದರೆ ಇದೆಲ್ಲ ಆಗುತ್ತಿತ್ತಾ? ತಪ್ಪು ಅವನದ್ದೇ. ನನ್ನ ತಪ್ಪಿಗೂ ಕಾರಣ ಅವನೇ. ಅವನನ್ನು ಬಿಡುವುದಿಲ್ಲ.

ನವೆಂಬರ್ 26, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಮನಸ್ಸಿರಲಿಲ್ಲ.

ಸೈಟಿನಲ್ಲಿ ಮೆಟ್ಟಿಲ ಮೇಲೆ ಕೂತು ಊಟ ಮಾಡುವಾಗ ಅನ್ಸಾರ್ ಫೋನ್ ಹಿಡಿದು ಬಂದ. ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಿದ್ದ. “ಅಣ್ಣಾ, ನೀವು! ನೀವೇ!”

ಹಾಡು. ಹೊಸದು. ಮೊದಲು ಬೇಸ್ — ನಿಕೋಲ್‌ನದ್ದು, ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಆಮೇಲೆ ಮೊದಲನೇ ಪೆಟ್ಟಿಗೆ ಸರಿಯಾಗಿ —

ಹಾಂವ್!

ನನ್ನ ಗಂಟಲು. ಜುಬಿಲಿಯ ಹಾಂವ್. ಪ್ರತಿ ಮೊದಲನೇ ಪೆಟ್ಟಿಗೂ ಒಂದೊಂದು. ಎದೆಯ ಗುದ್ದೇ ಡ್ರಮ್ಮು. ಮೈಕು ಕಿರುಚಿದ್ದು ಕೂಡ ಉಂಟು, ಅದನ್ನು ಎಳೆದು ತುತ್ತೂರಿ ಮಾಡಿದ್ದಾಳೆ. ನಡುವೆ ಜೋಶುವಾ: ಮ್ಹಜೆಂ! ಮ್ಹಜೆಂ! ಹಾಂವ್! ಮ್ಹಜೆಂ! ಹಾಂವ್! ಮ್ಹಜೆಂ! ಎರಡು ನಾಯಿಗಳು ಗೇಟಿನ ಆಚೆ ಈಚೆ ನಿಂತ ಹಾಗೆ. ಅದರ ಮೇಲೆ ಅವಳು ಆರಾಮಾಗಿ ಹಾಡುತ್ತಾಳೆ — ಹೋಗಿ ಬನ್ನಿ ಅಂಕಲ್‌ಗಳೇ, ಗ್ಲಾಸ್ ಇಳಿಸಿ, ಕೈ ನೋಯುತ್ತದೆ, ಅಂತ ಅರ್ಥ ಬರುವ ಹಾಗೆ.

ಕನ್ನಡದ ‘ನಾನು’ ಆಗಿದ್ದರೆ ಬಚಾವ್ ಆಗುತ್ತಿದ್ದೆ. ಅದು ಎರಡು ತುಂಡು, ಮೆತ್ತಗೆ. ಕೊಂಕಣಿಯ ಹಾಂವ್ ಒಂದೇ ಪೆಟ್ಟು.

ಕೆಳಗೆ ಹೆಸರುಗಳು. ಬರೆದದ್ದು, ಹಾಡಿದ್ದು, ನುಡಿಸಿದ್ದು, ಮಾಡಿದ್ದು: ನಿಕೋಲ್. ಬೊಗಳಿದ್ದು: ಮಾಮ್ ಮತ್ತು ಜೋಶುವಾ ಅಂಕಲ್.

ಡಬ್ಬಿ ಮುಚ್ಚಿಟ್ಟೆ. ಮಾನ ಹೋಯಿತು. ಇವಳ ಮೇಲೂ ಸೇಡು ತೀರಿಸಲೇಬೇಕು. ಸಂಜೆ ಇನ್ನೊಮ್ಮೆ ಕೇಳಿದೆ, ಎಲ್ಲೆಲ್ಲಿ ಅವಮಾನ ಆಗಿದೆ ಅಂತ ಸರಿಯಾಗಿ ತಿಳಿಯಲಿಕ್ಕೆ. ಮತ್ತೊಮ್ಮೆ ಕೇಳಿದೆ. ಕಾಲು ತಾನಾಗಿ ಆಡುತ್ತದೆ ದರಿದ್ರದ್ದು.

ನವೆಂಬರ್ 28, ಶುಕ್ರವಾರ

ಇಗರ್ಜಿ ಅಂಗಳ. ವಿಕ್ಟೋರಿಯಾನ ಗೆಳತಿ ಕ್ರಿಸ್ಟಲ್ ಕೇಳಿದಳು, “ಕಾರು ಯಾರು ತಂದದ್ದು?”

“ಹಾಂವ್—” ಅಂದೆ.

ಅಷ್ಟೇ. ಹಿಂದಿನಿಂದ ಮಕ್ಕಳು “ಮ್ಹಜೆಂ! ಮ್ಹಜೆಂ!” ಹೆಂಗಸರು ಚಪ್ಪಾಳೆಯಲ್ಲಿ ತಾಳ. ಪಾದ್ರಿಯವರು ಪುಸ್ತಕದಿಂದ ಮುಖ ಮುಚ್ಚಿಕೊಂಡರು, ಭುಜ ಮಾತ್ರ ಕುಲುಕುತ್ತಿತ್ತು.

ಇನ್ನು ಆ ಪದ ಬಾಯಿಗೆ ತರುವ ಹಾಗಿಲ್ಲ. ಆ ಪದ ಇಲ್ಲದೆ ಮಾತಾಡಿ ನೋಡಿದೆ. ಹೇಳಲಿಕ್ಕೆ ಎಂತದೂ ಉಳಿಯುವುದಿಲ್ಲ! ಕಾರು ತಂದದ್ದು... ಕಾರು ಬಂತು, ಅಂದೆ.

ಒಂದೇ ಸಮಾಧಾನ — ಜೋಶುವಾನಿಗೆ ಇನ್ನೂ ಕಷ್ಟ. ಅಂಗಡಿಯಲ್ಲಿ ಗಿರಾಕಿ ಸ್ಪೀಕರ್ ತೋರಿಸಿ ಯಾರದ್ದು ಇದು ಅಂದರೆ ಅವನು ಮಾತಾಡದೆ ಎದೆ ಮುಟ್ಟಿ ತೋರಿಸುತ್ತಾನಂತೆ.

ಡಿಸೆಂಬರ್ 5

ಜೋಶುವಾ ಮನೆಗೆ ಬಂದ. ನನ್ನ ಹತ್ತಿರ ಅಲ್ಲ, ನಿಕೋಲ್ ಹತ್ತಿರ. ಕೈಯಲ್ಲಿ ಪ್ಲಮ್ ಕೇಕ್.

“ನಿಕೋಲ್ ಬಾಯೆ, ಫ್ಯಾಮಿಲಿ ಡೇ ವೀಡಿಯೊದಲ್ಲಿ ನಿನ್ನ ಹೆಸರು ಹಾಕಿ ಮತ್ತೆ ಕಳಿಸಿದ್ದೇನೆ. ನೋಡಿದೆಯಾ?”

“ನೋಡಿದೆ ಅಂಕಲ್. ಸ್ಪೆಲ್ಲಿಂಗ್ ತಪ್ಪಿದೆ.”

“ಸರಿ ಮಾಡ್ತೇನೆ... ಮತ್ತೆ, ಆ ಹೊಸ ಹಾಡು ಒಂದು ತೆಗೆಯಬಹುದಾ?”

“ಇಲ್ಲ.”

“ಅಲ್ಲ, ಆ ಮೈಕಿನ ಕಿರುಚು... ಅದನ್ನು ಅಷ್ಟು ಕ್ಲೀನಾಗಿ ಎಳೆದದ್ದು ಹೇಗೆ?” ಅಂತ ಕೇಳಿದ. ಯಾರು ಮಾಡಿಕೊಟ್ಟದ್ದು ಅನ್ನಲಿಲ್ಲ. ಗಮನಿಸಿದೆ. ಅವಳೂ ಗಮನಿಸಿದಳು.

“ಹೇಳುವುದಿಲ್ಲ ಅಂಕಲ್” ಅಂದಳು. ನಕ್ಕಳು. ಚಹಾ ಮಾಡಲಿಲ್ಲ. ಕೇಕ್ ಮಾತ್ರ ತೆಗೆದುಕೊಂಡಳು.

ಲಿಫ್ಟಿನ ತನಕ ಬಿಡಲು ಹೋದೆ. “ನಿಮ್ಮಿಂದಲೇ ಆದದ್ದು ಇದೆಲ್ಲ” ಅಂದ. “ನಿನ್ನಿಂದ” ಅಂದೆ. ಲಿಫ್ಟ್ ಬರುವ ತನಕ ಅದೇ. ಪಕ್ಕದ ಮನೆಯ ಹುಡುಗಿ ಬಾಗಿಲು ತೆರೆದು ನಮ್ಮ ಜಗಳದ ತಾಳಕ್ಕೆ ಹೆಜ್ಜೆ ಹಾಕಿದಳು.

ಹೊಸ ಹಾಡಿಗೆ ಬಂದವರು ಹಾಗೇ ಹಿಂದಕ್ಕೆ ಹೋಗಿ ‘ಔಟ್‌ಡೋರ್ ಯೂನಿಟ್’ ಕೇಳುತ್ತಿದ್ದಾರೆ. ಭಾರೀ ಜನ ಏನಲ್ಲ. ಆದರೆ ಅದರಲ್ಲಿ ಅರ್ಧ ಈಗ ನಾನಲ್ಲ. ಆಲ್ಬಮ್ ತೆಗೆಯುವ ಮಾತು ನಿಕೋಲ್ ಎತ್ತಿಲ್ಲ. ಹೊರಗಿನ ಶಬ್ದ ತಡೆಯಲಿಕ್ಕೆ ಇನ್ನೊಂದು ಕಂಬಳಿ ತಂದು ಕಪಾಟಿಗೆ ಮೊಳೆ ಹೊಡೆಯುತ್ತಿದ್ದಳು. ಕೇಳಿದರೆ, “ಎರಡನೇ ಆಲ್ಬಮ್ಮಿಗೆ” ಅಂದಳು.

ಡಿಸೆಂಬರ್ 12, ಶುಕ್ರವಾರ, ಸಂಜೆ

ಸಂಘದ ಕ್ರಿಸ್ಮಸ್ ಪ್ರೋಗ್ರಾಮ್. ಸ್ಟೇಜಿನ ಹಿಂದೆ ಕೂತು ಬರೆಯುತ್ತಿದ್ದೇನೆ. ಶಾಲು ಇಲ್ಲ. ಪ್ರಣೀತಾ ಮೇಡಂ ನಿಕೋಲ್‌ನನ್ನು ಹಾಡಲು ಕರೆದರು, ಅವಳು ಎರಡು ಷರತ್ತು ಹಾಕಿದಳು. ಒಂದು, ಸೌಂಡ್ ಬೋರ್ಡಿಗೆ ಅವಳ ಕೈ ಮಾತ್ರ. ಜೋಶುವಾ ವಯರ್ ಸುತ್ತಿ ಹಿಡಿದು ಮೂಲೆಯಲ್ಲಿ ನಿಂತಿದ್ದಾನೆ. ನೋಡಲಿಕ್ಕೆ ಕಣ್ಣಿಗೆ ಹಬ್ಬ. ಅಚ್ಚರಿ ಏನೆಂದರೆ ಬೋರ್ಡಿನ ಕಡೆಗೇ ಕಣ್ಣು ನೆಟ್ಟಿದ್ದಾನೆ, ಕಲಿಯುವವರ ಹಾಗೆ. ಕಲಿಯಲಿ. ಸೇಡು ಹಾಗೇ ಇರಲಿ, ಒಣಗಿಸಿ ಇಟ್ಟ ಬಂಗುಡೆ ಬೇಗ ಕೆಡುವುದಿಲ್ಲ.

ಎರಡನೆಯದು: ಅವಳನ್ನು ಸ್ಟೇಜಿಗೆ ಕರೆಯುವುದು ಮಾಮ್. ಒಂದೇ ಮಾತು. ಆ ಪದ ಇಲ್ಲದೆ. ನನ್ನ ಕೈಗೆ ಅವಳೇ ಮೈಕು ಕೊಟ್ಟಳು. “ಹೇಳಲಿಕ್ಕೆ ಆಗ್ತದಾ ಮಾಮ್?” ಅಂದಳು. ಕಣ್ಣಲ್ಲಿ ತುಂಟತನ. ನಮ್ಮ ಮನೆಯದ್ದೇ, ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾ.

ಹಾಲು ತುಂಬಿದೆ. ಎಲ್ಲರೂ ನನ್ನ ಬಾಯಿಗೇ ಕಾಯುತ್ತಿದ್ದಾರೆ, ಜಾರಿದರೆ ಹಿಡಿಯಲಿಕ್ಕೆ. ಪರದೆಯ ಸಂದಿನಿಂದ ಕಾಣುತ್ತದೆ, ಮೊದಲ ಸಾಲಿನವರು ಚಪ್ಪಾಳೆಗೆ ಕೈ ಸರಿ ಮಾಡಿಕೊಂಡು ಕೂತಿದ್ದಾರೆ.

ಹೇಳುವ ಮಾತು ಬರೆದು ನೋಡುತ್ತೇನೆ. ಬರೆದದ್ದು ನಿಕೋಲ್, ಹಾಡುವುದು ನಿಕೋಲ್, ನುಡಿಸಿದ್ದು, ಮಾಡಿದ್ದು, ಪೂರ್ತಿ ನಿಕೋಲ್. ಚೆನ್ನಾಗಿದೆ. ಗಿಡ್ಡವಾಯಿತು. ಕೊನೆಯಲ್ಲಿ ಸಣ್ಣದೊಂದು ಸೇರಿಸಿದರೆ... ಎಸಿಯ ಬಗ್ಗೆ... ಬೇಡ. ನಾಲಿಗೆ ತುರಿಸುತ್ತದೆ. ಬೇಡ.

ಕರೆದರು. ಫೌಸ್ಟಿನಾಬ್ ರೆಡಿಯಾ ಅಂತ ಕೇಳುತ್ತಿದ್ದಾರೆ. ಹಾಂ—